ಕತ್ತಿ ಎತ್ತಿಸಿದ ಸಿನಿಮಾ

“ಕಣ್ಣು ಮುಚ್ಚೋ ಮುಂಚೆ ಹೆಸರೊಂದನ್ನ ಹೇಳಿ ಹೋಗಬಾರದಿತ್ತಾ ಈ ಪುಣ್ಯಾತ್ಮ?” ಅಂದರು ಟೈರ್ ಅಂಗಡಿಯವರು.

“ಯಾರ ಹೆಸರು?” ಪಕ್ಕದ ಮನೆಯಾಕೆ ಗಾಬರಿಯಾದಳು.

“ಸಿನಿಮಾದ್ದಮ್ಮ. ಈ ವರ್ಷದ್ದು. ತೀರ್ಪು ಹೇಳದೆ ಹೊರಟುಬಿಟ್ಟನಲ್ಲ.”

ಕ್ಷೌರದಂಗಡಿಯ ಯಜಮಾನನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಹೊರಗೆ ಅಂಗಡಿಯಲ್ಲಿ, ಕನ್ನಡಿಗಳ ಮುಂದೆ, ಹೆಗಲು ಕೊಡಲು ಬಂದ ಗೆಳೆಯರು ಜಗಳಕ್ಕೆ ಬಿದ್ದಿದ್ದರು. ಒಬ್ಬರಿಗೆ ಯುದ್ಧದ ಸಿನಿಮಾ, ಇನ್ನೊಬ್ಬರಿಗೆ ದೆವ್ವದ್ದು. ಪ್ರತಿ ವರ್ಷದ ಕೊನೆಗೆ ಯಜಮಾನ ಒಳ್ಳೆಯದೊಂದನ್ನು ಆರಿಸಬೇಕು, ಅದರ ಪೋಸ್ಟರ್ ಕನ್ನಡಿಯ ಮೇಲೆ ಏರಬೇಕು. ಅಲ್ಲಿಯವರೆಗೆ ಬೀದಿಗೆ ವರ್ಷ ಮುಗಿದಂತೆಯೇ ಅಲ್ಲ.

“ತೀರ್ಪು ನಾನು ಹೇಳ್ತೀನಿ,” ಅಂದಳು ಮಗಳು.

“ನಿನಗೇನಮ್ಮ ಗೊತ್ತು?” ಟೈರ್ ಅಂಗಡಿಯವರು ಕುರುಚಲು ಗಡ್ಡ ಕೆರೆದುಕೊಂಡರು.

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಕ್ಷೌರದ ಕತ್ತಿ ಹಿಡಿದವಳು ಅವಳೇ. ಇಡೀ ಬೀದಿ ಅವಳ ಕುರ್ಚಿಯಲ್ಲಿ ಕೂತು ಎದ್ದಿತ್ತು, ಇವರೊಬ್ಬರನ್ನು ಬಿಟ್ಟು. ಹೆಣ್ಣುಮಗಳ ಕೈಗೆ ಕುತ್ತಿಗೆ ಕೊಡಲ್ಲ ಅಂತ ಬಸ್ಸು ಹತ್ತಿ ಇನ್ನೊಂದು ಪೇಟೆಗೆ ಹೋಗಿ ಬರುತ್ತಿದ್ದರು.

* * *

“ಸಿನಿಮಾನೇ ನೋಡದೆ ಒಳ್ಳೇದು ಯಾವುದು ಅಂತ ಹೆಂಗಪ್ಪ ಆರಿಸ್ತೀಯ?” ಅಂತ ಅವಳೊಮ್ಮೆ ಕೇಳಿದ್ದಳು.

“ನಾನ್ಯಾಕೆ ಹೋಗಲಿ? ಸಿನಿಮಾನೇ ಇಲ್ಲಿಗೆ ಬರುತ್ತಲ್ಲ.” ಅಪ್ಪ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತ ನಕ್ಕಿದ್ದ. “ನೋಡಿ ಬಂದೋನು ಕತೆ ಹೇಳುವಾಗ ಬಾಯಿ ನೋಡಬೇಡ, ಗಂಟಲು ನೋಡು. ಬಾಯಿ ಎಲ್ಲಾನೂ ಹೊಗಳುತ್ತೆ. ಗಂಟಲು ಉಬ್ಬಿ ಬಂತು ಅಂದ್ರೆ ಮಾತ್ರ ಕತ್ತಿ ಎತ್ತಿಬಿಡು, ಇಲ್ಲಾಂದ್ರೆ ಗಾಯ ಆಗುತ್ತೆ. ಹೆಚ್ಚು ಸಲ ಕತ್ತಿ ಎತ್ತಿಸಿದ್ದು ಯಾವುದೋ ಅದೇ ನಂದು.”

* * *

“ಲಿಫ್ಟಿನ ಮುದುಕನ ಸಿನಿಮಾ,” ಅಂದಳು ಮಗಳು.

“ಅದಾ? ಒಂದು ವಾರಾನೂ ಓಡಲಿಲ್ಲ. ನೀನು ನೋಡಿದ್ಯಾ?”

“ಇಲ್ಲ. ನೋಡಿದೋರು ಇದೇ ಕುರ್ಚೀಲಿ ಕೂತು ಹೇಳಿದ್ರು.” ಅವಳು ಕುರ್ಚಿಯ ಬೆನ್ನು ತಟ್ಟಿದಳು. “ಕೂತ್ಕೊಳ್ಳಿ ಮಾಮ, ಹೇಳ್ತೀನಿ. ಈ ಗಡ್ಡದಲ್ಲಿ ಹೆಗಲು ಕೊಟ್ರೆ ಅಪ್ಪ ಎದ್ದು ಕೂತು ಬೈತಾನೆ.”

ಯಾರೋ ಕಿಸಕ್ಕೆಂದರು. ಟೈರ್ ಅಂಗಡಿಯವರು ಒಳಕೋಣೆಯತ್ತ ಒಮ್ಮೆ ನೋಡಿದರು. ಆಮೇಲೆ ಬಂದು ಕೂತು, ಗದ್ದ ಮೇಲೆತ್ತಿದರು. ಮಗಳು ನೊರೆ ಹಚ್ಚಿ ಕತ್ತಿ ಹಿಡಿದಳು.

“ಒಬ್ಬ ಮುದುಕ. ಜೀವಮಾನವೆಲ್ಲ ಲಿಫ್ಟಿನ ಬಾಗಿಲು ತೆಗೆದು ಮುಚ್ಚಿದೋನು,” ಅವಳು ಶುರುಮಾಡಿದಳು. “ಜನರನ್ನ ಎಲ್ಲ ಮಹಡೀಲೂ ಇಳಿಸಿದಾನೆ, ತಾನು ಒಂದರಲ್ಲೂ ಇಳಿದಿಲ್ಲ.”

“ಹೂಂ,” ಅಂದರು ಅವರು, ಬೇಸರದವರ ಹಾಗೆ.

ಬಲಗೆನ್ನೆ ಮುಗಿಯಿತು, ಎಡಗೆನ್ನೆಯೂ ಮುಗಿಯಿತು. ಕತ್ತಿ ಕುತ್ತಿಗೆಗೆ ಇಳಿಯಿತು.

“ಕೆಲಸದ ಕೊನೇ ದಿನ ಒಬ್ಬನೇ ಮೇಲ್ಗಡೆ ಮಹಡಿಗೆ ಹೋಗ್ತಾನೆ. ಇವತ್ತು ಇಳೀಲೇಬೇಕು ಅಂತ. ಬಾಗಿಲು ತೆಗೀತಾನೆ. ಆದ್ರೆ ಅಭ್ಯಾಸ ನೋಡಿ ಮಾಮ, ಪಕ್ಕಕ್ಕೆ ಸರಿದು ನಿಂತುಬಿಡ್ತಾನೆ. ಇಳಿಯೋರು ಇಳೀಲಿ ಅಂತ.”

“ಆಮೇಲೆ…” ಅಂದರು ಟೈರ್ ಅಂಗಡಿಯವರು. ನೊರೆಯ ಕೆಳಗೆ ಗಂಟಲು ಉಬ್ಬಿ ಬಂತು.

ಮಗಳು ಕತ್ತಿ ಎತ್ತಿ ಹಿಡಿದು, ಕಾದಳು.