ಸಕ್ಕರಿ ಹೆಚ್ಚಾಗೇತಿ

ಮೊರಬದ ಹೊಳೆಪ್ಪನ ಹೋಟೆಲಿನಲ್ಲಿ ಹೆಂಗಸರು ಒಳಗೆ ಕೂತು ಚಹಾ ಕುಡಿದದ್ದನ್ನು ಯಾರೂ ನೋಡಿಲ್ಲ. ಬಸ್ಸಿಗೆ ಕಾಯುವವರು ಹೊರಗೆ ನಿಂತು ಕುಡಿದಾರು, ಅಷ್ಟೆ. ಅಂಥಾದ್ದರಲ್ಲಿ ಅರವತ್ತೆಂಟರ ಶಿವಗಂಗವ್ವ, ಬೀಗರ ಊರಿಗೆ ಹೋದರೂ ಹೊರಗಿನ ನೀರು ಮುಟ್ಟದ ಶಿವಗಂಗವ್ವ, ಅಲ್ಲಿ ಬೆಂಚಿನ ಮೇಲೆ ಕೂತು ಎರಡು ಚಮಚ ಸಕ್ಕರೆ ಬೇರೆ ಹಾಕಿಸಿಕೊಂಡು ಚಹಾ ಕುಡಿಯುತ್ತಾಳೆ ಎಂದರೆ ಸುದ್ದಿ ಓಣಿ ಮುಟ್ಟಲು ಎಷ್ಟು ಹೊತ್ತು ಬೇಕು?

ಬಾಜು ಮನೆಯ ಮೆಹರುನಬಿ ಶಿವಗಂಗವ್ವನ ಸೊಸೆ ನೇತ್ರಾಳನ್ನು ಹಿತ್ತಲಿಗೆ ಕರೆದು ಹೇಳಿದಳು. "ಸಿಟ್ಟಾಗಬ್ಯಾಡವಾ. ನೀ ಅಂಗನವಾಡಿಗೆ ಹೋದ ಮ್ಯಾಲೆ ನಿಮ್ಮತ್ತಿ ದಿನಾ ಅಲ್ಲೇ ಇರತಾಳ. ಚಾ ಅಷ್ಟ ಅಲ್ಲ, ಮ್ಯಾಲೆ ಎರಡ ಪೇಡೆ."

ನೇತ್ರಾಳಿಗೆ ಸಿಟ್ಟು ಬಂತು, ಬರಲಿಲ್ಲ ಎಂದು ಯಾಕೆ ಸುಳ್ಳು ಹೇಳಬೇಕು? ಎರಡು ತಿಂಗಳಿಂದ ಮುದುಕಿಯ ಜೀವಕ್ಕಾಗಿ ಅವಳು ಒದ್ದಾಡುತ್ತಿದ್ದಳು.

ಎರಡು ತಿಂಗಳ ಹಿಂದೆ ಅತ್ತೆ ಇದ್ದಕ್ಕಿದ್ದಂತೆ ಸೊರಗಿದ್ದಳು. ಕೊಡಗಟ್ಟಲೆ ನೀರು ಕುಡಿಯುವಳು, ನಿಂತರೆ ತಲೆ ತಿರುಗುವುದು. ನವಲಗುಂದದ ದವಾಖಾನೆಗೆ ಕರೆದೊಯ್ದರೆ ಡಾಕ್ಟರು ರಕ್ತದ ಚೀಟಿ ನೋಡಿ, ಸಕ್ಕರೆ ಕಾಯಿಲೆ ಎಂದರು. ಅತ್ತೆ ಆಗ ಹೊರಗೆ ಕೂತಿದ್ದಳು. ಆ ಹೆಸರನ್ನು ಅವಳ ಮುಂದೆ ಹೇಳಲು ನೇತ್ರಾಳಿಗೆ ಬಾಯಿ ಬರಲಿಲ್ಲ. ಮೆಹರುನಬಿಯ ತಾಯಿ ಖಾತುನಬಿಗೆ ಅದೇ ಬೇನೆಯಿಂದ ಮೊಣಕಾಲ ತನಕ ಕಾಲು ತೆಗೆದಿದ್ದರು. ಆಕೆ ಗೋಡೆ ಹಿಡಿದು ತೆವಳಿದ್ದನ್ನು ನೋಡಿ ಶಿವಗಂಗವ್ವ ನಾಲ್ಕು ದಿನ ಅನ್ನ ಬಿಟ್ಟಿದ್ದಳು. ಅದಕ್ಕೇ ನೇತ್ರಾ ಮೆತ್ತಗೆ, "ಏನಿಲ್ರಿ ಅತ್ತಿ, ಮೈಯಾಗ ಸಕ್ಕರಿ ಹೆಚ್ಚಾಗೇತಂತ. ಗುಳಿಗಿ ತಗೊಂಡ್ರ ಸರಿ ಹೋಗತೈತಿ," ಎಂದು ಹೇಳಿ ಮುಗಿಸಿದಳು.

ಅಂದಿನಿಂದ ಅತ್ತೆಯ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಮೊದಲ ದಿನ ಅತ್ತೆ ಒಂದು ಗುಟುಕು ಕುಡಿದು, ಸೊಸೆಯ ಮುಖ ನೋಡಿ, ಉಳಿದದ್ದನ್ನು ಸುಮ್ಮನೆ ಕುಡಿದಳು. ಯುಗಾದಿಗೆ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಅದಕ್ಕೂ ಅವಳು ಚಕಾರ ಎತ್ತಲಿಲ್ಲ. ಅತ್ತೆ ಎಷ್ಟು ತಿಳಿವಳಿಕೆಯವಳು ಎಂದು ನೇತ್ರಾ ಗಂಡ ಹೇಮಂತನ ಮುಂದೆ ಹೊಗಳಿಯೂ ಇದ್ದಳು. ಈಗ ನೋಡಿದರೆ ಪೇಡೆಯಂತೆ!

ಮರುದಿನ ಮತ್ತೆ ನವಲಗುಂದ. ಖಾಲಿ ಹೊಟ್ಟೆಯ ರಕ್ತ ಕೊಟ್ಟದ್ದಾಯಿತು. ಸಕ್ಕರೆ ಇಳಿಯುವುದಿರಲಿ, ಮೊದಲಿನದರ ದುಪ್ಪಟ್ಟಾಗಿತ್ತು. ಚಪ್ಪಲಿ ಕಚ್ಚಿದ್ದ ಎಡಗಾಲ ಕಿರುಬೆರಳು ಕಪ್ಪಾಗಿತ್ತು. ನೋವೇ ಇಲ್ಲವೆಂದು ಮುದುಕಿ ಅದನ್ನು ಯಾರಿಗೂ ತೋರಿಸಿರಲಿಲ್ಲ. ಡಾಕ್ಟರು ನೇತ್ರಾಳನ್ನು ಬದಿಗೆ ಕರೆದು, "ಬೆರಳ ಉಳಿಯೂದಿಲ್ಲ. ನಾಳೆನ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ, ತಡಾ ಮಾಡಿದ್ರ ಪಾದಕ್ಕ ಬರತೈತಿ," ಎಂದರು. ಆಮೇಲೆ ಎಲ್ಲರಿಗೂ ಹೇಳುವಂತೆ, "ನಾಷ್ಟಾ ಮಾಡಿ ಎರಡ ತಾಸಿಗೆ ಬರ್ರಿ, ಇನ್ನೊಮ್ಮೆ ರಕ್ತ ತಗೊಳ್ಳೂಣು," ಎಂದು ಕಳಿಸಿದರು.

ಇಬ್ಬರೂ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಬಂದು ಕೂತರು. ಬಡಿಸುವವನು ಬಂದು ನಿಂತದ್ದೇ ತಡ, ನೇತ್ರಾ ಬಾಯಿ ತೆಗೆಯುವ ಮೊದಲೇ ಶಿವಗಂಗವ್ವ, "ನನಗೊಂದ ಪ್ಲೇಟ ಶಿರಾ ಕೊಡಪಾ," ಎಂದಳು.

ನೇತ್ರಾಳಿಗೆ ತಡೆಯಲಾಗಲಿಲ್ಲ. "ನಾಲಗಿ ಇಷ್ಟ ಹಿಡತಕ್ಕ ಬರಂಗಿಲ್ಲೇನ್ರಿ ಅತ್ತಿ? ಹೊಳೆಪ್ಪನ ಹೋಟೆಲ್ ಸುದ್ದಿ ನನಗ ಗೊತ್ತಾಗೇತಿ. ನಾ ಯಾರಿಗಾಗಿ ಸಾಯಾಕತ್ತೇನಿ?" ಎಂದುಬಿಟ್ಟಳು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಮುದುಕಿಯ ಮುಖ ಇಷ್ಟೇ ಇಷ್ಟಾಯಿತು. ಸೆರಗು ಸರಿ ಮಾಡಿಕೊಂಡು ತಲೆ ತಗ್ಗಿಸಿದಳು.

ಸಕ್ಕರೆ ಸುರಿದ ರವೆಯ ಶಿರಾ ಬಂತು. ಅವಳು ತಿನ್ನತೊಡಗಿದಳು. ನೋಡುತ್ತ ನೋಡುತ್ತ ನೇತ್ರಾಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಆಸೆಪಟ್ಟು ತಿನ್ನುವವರ ಮುಖ ಹಾಗಿರುವುದಿಲ್ಲ. ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ, ಕಹಿ ಗುಳಿಗೆ ನುಂಗುವವರ ಹಾಗೆ ನೀರು ಕುಡಿದು ಇಳಿಸುತ್ತಿದ್ದಳು. ಅಲ್ಲ, ಈ ಮುದುಕಿಗೆ ಸಿಹಿ ಎಂದೂ ಸೇರಿದ್ದೇ ಇಲ್ಲ! ಹಬ್ಬದ ದಿನವೂ ಹೋಳಿಗೆಯನ್ನು ಮೊಮ್ಮಕ್ಕಳ ತಾಟಿಗೆ ಸರಿಸಿ, ರೊಟ್ಟಿ ಕೆಂಪಖಾರ ಉಣ್ಣುತ್ತಿದ್ದವಳು.

ಅಷ್ಟರಲ್ಲಿ ಪಕ್ಕದ ಟೇಬಲಿನವನು ತನಗೂ ಶಿರಾ ಬೇಕೆಂದ. "ಶಿರಾ ಇಲ್ರಿ, ಖಾಲಿ ಆತು," ಎಂದ ಬಡಿಸುವವನು.

ಶಿವಗಂಗವ್ವ ತಲೆಯೆತ್ತಿದಳು. "ಉಣ್ಣೂ ಜಾಗಾದಾಗ ಇಲ್ಲ ಅನಬಾರದಪಾ, ಖಾಲಿ ಅನಬಾರದು. ಹೆಚ್ಚಾಗೇತಿ ಅನಬೇಕು."

"ಆತ್ ಬಿಡಬೇ ಯವ್ವಾ, ಹೆಚ್ಚಾಗೇತಿ," ಎಂದು ನಗುತ್ತ ಅವನು ಹೋದ.

ನೇತ್ರಾಳಿಗೆ ಥಟ್ಟನೆ ನೆನಪಾಯಿತು. ಮದುವೆಯಾಗಿ ಬಂದ ಮೊದಲ ವಾರ ಅವಳು ಅಡುಗೆಮನೆಯಿಂದ "ಉಪ್ಪು ಇಲ್ಲ" ಎಂದು ಕೂಗಿ ಇದೇ ಮಾತು ಕೇಳಿಸಿಕೊಂಡಿದ್ದಳು. ಆ ಮನೆಯಲ್ಲಿ ಯಾವುದೂ ತೀರುವುದಿಲ್ಲ. ಅಕ್ಕಿ ತೀರಿದರೆ ಹೆಚ್ಚಾಗೇತಿ, ಬಳೆ ಒಡೆದರೆ ಹೆಚ್ಚಾಗ್ಯಾವ. ಹದಿನಾಲ್ಕು ವರ್ಷ ತಾನೂ ಹಾಗೇ ಅಂದುಕೊಂಡು ಬಂದವಳು, ಅಯ್ಯೋ, ಅವತ್ತೊಂದು ದಿನ ದವಾಖಾನೆಯಲ್ಲಿ ಮರೆತಿದ್ದಳು.

"ಅತ್ತೀ," ಎಂದಳು. "ಅವತ್ತ ದವಾಖಾನ್ಯಾಗ ನಾ ನಿಮಗ ಏನ ಹೇಳಿದ್ನಿ?"

"ಮೈಯಾಗ ಸಕ್ಕರಿ ಹೆಚ್ಚಾಗೇತಿ ಅಂದಿ."

"ಅಂದ್ರ?"

"ಅಂದ್ರೇನ ಅಂದ್ರ? ಸಕ್ಕರಿ ಎಲ್ಲಾ ತೀರೇತಿ ಅಂತ. ಅದಕ್ಕ ಕಾಲಾಗ ಬಲಾ ಇರಲಿಲ್ಲ." ಮುದುಕಿ ತಾಟಿನ ಅಂಚನ್ನು ಬೆರಳಿನಿಂದ ಒರೆಸಿದಳು. "ತಪ್ಪ ತಿಳಕೋಬ್ಯಾಡ ನೇತ್ರಾ. ತೀರಿದ್ದನ್ನ ತುಂಬಿಕೋಬೇಕಲ್ಲ, ನೀ ನೋಡಿದ್ರ ಮನ್ಯಾಗ ನನ್ನ ಚಾಕ್ಕ ಸಕ್ಕರಿ ಹಾಕೂದ ಬಿಟ್ಟಿ. ಹಬ್ಬಕ್ಕ ಹೋಳಿಗಿ ಸೈತ ಮಾಡಲಿಲ್ಲ. ಮುದುಕಿ ಬ್ಯಾಡಾಗೇನಿ ಅನ್ಕೊಂಡ್ನಿ. ಹೇಮಂತನ ಮುಂದ ಅಂದ್ರ ನಿಮ್ಮಿಬ್ಬರಿಗೂ ಜಗಳ. ಯಾಕ ಬೇಕು, ಹೊರಗ ಹೋಗಿ ತಿಂದ್ರಾತು ಅಂತ ಮಾಡಿದ್ನಿ. ವಾಕರಿಕಿ ಬರತಿತ್ತವಾ, ಆದ್ರೂ ನುಂಗಿದ್ನಿ. ಇನ್ನ ನಾಕ ವರ್ಷ ಇರಬೇಕಂತ ಆಶಾ."

ಎರಡು ತಿಂಗಳು. ಸೊಸೆ ತನ್ನನ್ನು ಸಾಯಲು ಬಿಟ್ಟಿದ್ದಾಳೆ ಎಂದುಕೊಂಡೂ ಈಕೆ ಅದೇ ಸೊಸೆಯ ಕೈಯ ರೊಟ್ಟಿ ಉಂಡು, ಅವಳ ಮರ್ಯಾದೆ ಕಾಯಲು ಗಂಡಸರ ನಡುವೆ ಹೋಗಿ ಕೂತಿದ್ದಳು. ನೇತ್ರಾ ಹೋಟೆಲು ಎನ್ನುವುದನ್ನೂ ಮರೆತು ಅತ್ತುಬಿಟ್ಟಳು.

"ತೀರಿಲ್ರಿ ಅತ್ತಿ. ವಿಪರೀತ ಏರೇತಿ. ನಿಮಗ ಸಕ್ಕರಿ ಬ್ಯಾನಿ. ಖಾತುನಬಿಗೆ ಆಗಿತ್ತಲ್ಲ, ಅದ. ಅಂಜತೀರಿ ಅಂತ ನಾ ಹೆಸರ ಹೇಳಲಿಲ್ಲ."

ಶಿವಗಂಗವ್ವ ತಾಟು ನೋಡಿದಳು. ಅರ್ಧ ಶಿರಾ ಇನ್ನೂ ಉಳಿದಿತ್ತು. ತಾಟಿನಲ್ಲಿ ಬಿದ್ದದ್ದು ಪ್ರಸಾದ, ಅದನ್ನು ಬಿಟ್ಟೇಳುವ ರೂಢಿ ಅವಳಿಗಿಲ್ಲ. ಕೈ ತಾನಾಗಿಯೇ ತಾಟಿಗೆ ಹೋಗಿ ಅಲ್ಲೇ ನಿಂತಿತು. ನೇತ್ರಾ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಂಜಲವಾ," ಎಂದಳು ಅತ್ತೆ.

"ಇರಲಿರಿ," ಎಂದು ನೇತ್ರಾ ಕಣ್ಣೊರೆಸಿಕೊಳ್ಳುತ್ತ ಅದನ್ನೆಲ್ಲ ತಿಂದು ಮುಗಿಸಿದಳು.

ಆಮೇಲೆ ಮುದುಕಿ ಬೆಂಚಿನ ಕೆಳಗೆ ತನ್ನ ಎಡಗಾಲನ್ನು ನೋಡಿಕೊಂಡಳು. "ಡಾಕ್ಟರ್ ನಿನ್ನ ಬಾಜೂಕ ಕರದಿದ್ನಲ್ಲ. ಈ ಬೆರಳ ಹೆಚ್ಚಾಕ್ಕತೇನು?"

ಹೂಂ ಎಂದರೆ ಮುಗಿಯುತ್ತಿತ್ತು. ನೇತ್ರಾಳ ನಾಲಗೆಯ ತುದಿಗೂ ಅದು ಬಂದಿತ್ತು.

"ಹಂಗ ಅನ್ನೂದ ಬ್ಯಾಡ್ರಿ ಅತ್ತಿ," ಎಂದಳು. "ತಗೀತಾರ. ನಾಳೆ ಹುಬ್ಬಳ್ಳ್ಯಾಗ ಬೆರಳ ತಗೀತಾರ. ಪಾದ ಉಳಿಸಾಕ."

ಶಿವಗಂಗವ್ವ ಸೀರೆಯ ನಿರಿಗೆಯನ್ನು ಕಾಲ ಮೇಲೆ ಎಳೆದುಕೊಂಡಳು. ಸೊಸೆಯ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಬಡಿಸುವವನು ಹಾದು ಹೋಗುತ್ತಿದ್ದ.

"ಒಂದ ಚಾ ಕೊಡಪಾ," ಎಂದಳು. "ಸಕ್ಕರಿ ಇಲ್ಲದ್ದು."