ಹನ್ನೊಂದನೆಯ ಗುರುತಿನ ಸುತ್ತಣ್ಣ

ಸುತ್ತಣ್ಣನನ್ನು ದೂರ ಕೇಳಿದರೆ ಮೀಟರಿನಲ್ಲಿ ಹೇಳುತ್ತಿರಲಿಲ್ಲ, ನಿಮಿಷದಲ್ಲೂ ಹೇಳುತ್ತಿರಲಿಲ್ಲ. "ಟೀ ಅಂಗಡೀನಾ? ನೂರಾ ಹತ್ತು ಸುತ್ತು," ಎನ್ನುತ್ತಿದ್ದ. ಅವನ ಸೈಕಲ್ಲಿನ ಮುಂದಿನ ಚಕ್ರದ ಸುತ್ತು ಅದು. ಸ್ಪೋಕಿಗೆ ಕಟ್ಟಿದ ತಗಡಿನ ಚೂರು ಒಂದೊಂದು ಸುತ್ತಿಗೂ ಫೋರ್ಕಿಗೆ ಬಡಿದು ಟಕ್ ಎನ್ನುತ್ತಿತ್ತು. ಆ ಟಕ್ಕನ್ನು ಎಣಿಸುತ್ತ ಹೋಗುವಾಗ ಎದುರಿಗೆ ಮೇಲಧಿಕಾರಿಯೇ ಬರಲಿ, ಹೆತ್ತ ಮಗಳೇ ಬರಲಿ, ಎಡಗೈ ಎತ್ತಿ ತಡೆದು, ತುಟಿಯಲ್ಲೇ ಅಂಕಿ ಮೆಲ್ಲುತ್ತ ಸಾಗಿಬಿಡುತ್ತಿದ್ದ. ಗೊತ್ತಿಲ್ಲದವರು ತಲೆ ಕೆಟ್ಟಿದೆಯೆಂದುಕೊಂಡು ದಾರಿ ಬಿಡುತ್ತಿದ್ದರು.

ಪಾಲಿಕೆಯ ಪೇಂಟರ್ ಅವನು. ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಎಂದು ಕಾಲುವೆಯ ದಂಡೆಯಲ್ಲಿ ಮಾಡಿದ ದಾರಿಯ ಮೇಲೆ, ಅದೇ ಚಕ್ರದ ಸುತ್ತು ಎಣಿಸಿ, ಕಿಲೋಮೀಟರಿಗೊಂದು ಬಿಳಿಯ ಅಂಕಿ ಬರೆದವನು. ಸ್ಥೂಲಕಾಯ, ಇಲಾಖೆ ಕೊಟ್ಟ ಖಾಕಿ ಕೋಟು ಹೊಟ್ಟೆಯ ಮೇಲೆ ಒಂದೇ ಗುಂಡಿಯ ದಾಕ್ಷಿಣ್ಯದಿಂದ ನಿಂತಿತ್ತು. ನೆಲದಲ್ಲಿ ಏನೋ ಕಳೆದುಕೊಂಡವನ ಹಾಗೆ ಕುತ್ತಿಗೆ ಬಗ್ಗಿಸಿ ನಡೆಯುತ್ತಿದ್ದ. ತಾನು ಬರೆದ ಎಂಟರ ಸೊಂಟ ಸವೆದಿದ್ದರೆ ಅಲ್ಲೇ ಕುಳಿತು ತಿದ್ದುತ್ತಿದ್ದ, ಜನ ಅವನನ್ನು ಬಳಸಿಕೊಂಡು ಹೋಗಬೇಕಾಗಿತ್ತು.

ಹನ್ನೊಂದರ ಗುರುತಿನ ಪಕ್ಕದಲ್ಲೇ ಒಂದು ದಿನ ಖಾಸಗಿ ಬಡಾವಣೆಯವರ ಕಬ್ಬಿಣದ ಗೇಟು ಎದ್ದಿತು. ಆಚೆ ಎಂಬತ್ತು ಮೀಟರಿನಲ್ಲಿ ಕಾಲುಸೇತುವೆ. ಸೇತುವೆ ದಾಟಿದರೆ ಆಸ್ಪತ್ರೆ. ಆಸ್ಪತ್ರೆಯ ಬಟ್ಟೆ ಒಗೆಯುವ ಇನ್ನೂರು ಹೆಂಗಸರು ಓಡಾಡುತ್ತಿದ್ದದ್ದು ಅಲ್ಲೇ. ಈಗ ಲಾರಿಗಳು ನುಗ್ಗುವ ರಸ್ತೆಯಲ್ಲಿ ಎರಡು ಮೈಲಿ ಸುತ್ತಬೇಕು. ಮೊದಲ ತಿಂಗಳಲ್ಲೇ ಒಬ್ಬಾಕೆಯ ಕಾಲು ಮುರಿಯಿತು. ಪಾಲಿಕೆಯ ದಾಖಲೆಯಲ್ಲಿ ಇದ್ದದ್ದು ಒಂದೇ ಸಾಲು: ಗಡಿಯಾರದ ಗೋಪುರದಿಂದ ಹನ್ನೊಂದು ಕಿಲೋಮೀಟರ್ ಸಾರ್ವಜನಿಕರದು, ಆಚೆಯದು ಬಡಾವಣೆಯವರದು. ಬಡಾವಣೆಯ ಕಾರ್ಯದರ್ಶಿ ನೆಲ ತೋರಿಸಿ ನಕ್ಕ: "ನಿಮ್ಮ ಪೇಂಟರೇ ಬರೆದಿದ್ದಾನಲ್ಲ, ಓದೋಕೆ ಬರಲ್ವಾ?"

ಆ ಹೆಂಗಸರೂ ಅವರ ಜೊತೆ ನಿಂತ ನಾವೂ ನಾಲ್ಕು ತಿಂಗಳು ಗೇಟಿನ ಮುಂದೆ ಧರಣಿ ಕೂತೆವು. ಗಂಟಲು ಹರಿಯುವಂತೆ ಘೋಷಣೆ ಕೂಗಿದೆವು. ಕೆಲಸ ಮುಗಿಸಿ ಸುತ್ತಣ್ಣನೂ ಬಂದು ಕೂರುತ್ತಿದ್ದ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಭೂಮಿ, ನ್ಯಾಯ, ಹಕ್ಕು ಎಂದೆಲ್ಲ ಭಾಷಣ ಬಿಗಿದ ನಮ್ಮಲ್ಲಿ ಒಬ್ಬನಿಗಾದರೂ ಆ ಅಂಕಿ ನಿಜವೇ ಎಂದು ಅಳೆದು ನೋಡುವ ಬುದ್ಧಿ ಬಂದಿರಲಿಲ್ಲ.

ಒಂದು ಸಂಜೆ ಮೊಣಕಾಲು ನೋವೆಂದು ಅವನು ಸೈಕಲ್ ಹತ್ತದೆ ಹತ್ತರ ಗುರುತಿನಿಂದ ಹನ್ನೊಂದಕ್ಕೆ ತಳ್ಳಿಕೊಂಡೇ ಬಂದ. ಬಂದವನು ಕೂರಲಿಲ್ಲ, ಕೂಗಲಿಲ್ಲ.

"ನಾನ್ನೂರ ಐವತ್ತೇ ಆಯ್ತು. ಕಿಲೋಮೀಟರಿಗೆ ನಾನ್ನೂರ ಐವತ್ನಾಲ್ಕು ಇರ್ಬೇಕು. ನಾಲ್ಕು ಸುತ್ತು ಎಲ್ಲಿ ಹೋಯ್ತು?"

"ಬಡಾವಣೆಯವರು ಕದ್ದಿರ್ತಾರೆ ಬಿಡಣ್ಣ," ಎಂದಳು ಲಾಂಡ್ರಿಯ ಹಿರಿಯಕ್ಕ. ಎಲ್ಲರೂ ನಕ್ಕರು. ಅವನು ಹಿಂದಕ್ಕೆ ತಳ್ಳಿಕೊಂಡು ಹೋದ, ಮತ್ತೆ ಬಂದ, ಮತ್ತೆ ಹೋದ. ಮೂರು ಸಲವೂ ನಾನ್ನೂರ ಐವತ್ತು.

ಒಗಟು ಬಿಡಿಸಿದ್ದು ಅವನ ಹೆಂಡತಿ. ಹೊಲಿಗೆಯವಳು, ಅಳತೆಯ ಟೇಪು ಸದಾ ಕುತ್ತಿಗೆಯಲ್ಲಿ. "ಮೊದಲು ಚಕ್ರ ಹೇಗೆ ಅಳೆದ್ರಿ?"

"ಅಂಗಳದಲ್ಲಿ. ಚಕ್ರದ ಸುತ್ತ ಹಗ್ಗ ಹಾಕಿ. ಎರಡು ಮೀಟರ್ ಇಪ್ಪತ್ತು."

"ಆಮೇಲೆ ದಾರಿ ಅಳೆಯೋವಾಗ ಮೇಲೆ ಕೂತಿದ್ರಿ ತಾನೇ? ಪೇಂಟಿನ ಡಬ್ಬ ಬೇರೆ. ಈಗಲೂ ಕೂತ್ಕೊಳ್ಳಿ." ಅವನನ್ನು ಕೂರಿಸಿ ಚಕ್ರವನ್ನು ಒಂದು ಸುತ್ತು ಉರುಳಿಸಿ ಅವಳು ನೆಲ ಅಳೆದಳು. ಟೈರು ತುಸು ಕುಸಿದಿತ್ತು; ಒಂದು ಸುತ್ತಿಗೆ ಎರಡು ಸೆಂಟಿಮೀಟರ್ ಕಡಿಮೆ. "ಚಕ್ರ ಸುಳ್ಳು ಹೇಳಿಲ್ಲ ರೀ, ನಿಮ್ಮ ತೂಕ ಹೇಳಿದೆ ಅಷ್ಟೆ."

ಎರಡು ಸೆಂಟಿಮೀಟರ್ ಎಂದರೆ ಕಿಲೋಮೀಟರಿಗೆ ಒಂಬತ್ತು ಮೀಟರ್, ಹನ್ನೊಂದಕ್ಕೆ ಸುಮಾರು ನೂರು. ನಿಜವಾದ ಹನ್ನೊಂದು ಗೇಟಿನೊಳಗೆ, ಕಾಲುಸೇತುವೆಗಿಂತಲೂ ಮುಂದಿನ ಜಾಗದಲ್ಲಿತ್ತು. ಇನ್ನೂರು ಹೆಂಗಸರ ದಾರಿ ಕಟ್ಟಿಹಾಕಿದ್ದು ಅವನ ಕೈಯ ಬಿಳಿ ಅಂಕಿ.

ಗೇಟಿನ ಬಗ್ಗೆ ಪಾಲಿಕೆ ಕರೆದ ವಿಚಾರಣೆಯ ಹಿಂದಿನ ದಿನ ನಾನೇ ಅವನಿಗೆ ಹೇಳಿಕೊಟ್ಟೆ, ಮುಚ್ಚಿಡುವುದೇನಿಲ್ಲ: "ಗುರುತನ್ನ ಅವರೇ ಜರುಗಿಸಿದ್ರು ಅಂತ ಹೇಳಿಬಿಡು ಮಾರಾಯ. ದಾರಿನೂ ಸಿಗುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ."

ಅವನು ಕೋಟಿನ ಗುಂಡಿ ತಿರುವಿದ. "ಗೇಟು ಹಾಕಿದ್ದು ಅವರು, ಸರಿ. ಅಂಕಿ ಹಾಕಿದ್ದು ನಾನು."

ವಿಚಾರಣೆಯ ಕೋಣೆಯಲ್ಲಿ ಯಾರೂ ಕೇಳುವ ಮೊದಲೇ ಎದ್ದು ಅದನ್ನೇ ಹೇಳಿದ. ಸೈಕಲ್ಲನ್ನು ಮೆಟ್ಟಿಲು ಹತ್ತಿಸಿ ಒಳಗೇ ತಂದಿದ್ದ; ಅಧಿಕಾರಿಯ ಮೇಜಿನ ಮುಂದೆ ಹತ್ತಿ ಕೂತು, ಒಂದು ಸುತ್ತು ಉರುಳಿಸಿ ತೋರಿಸಿದ. ಕಾರ್ಯದರ್ಶಿ ನಕ್ಕ, ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ; ಉಕ್ಕಿನ ಟೇಪು ತರಿಸಿ, ಮೂರು ದಿನ ಗೋಪುರದಿಂದ ಅಳೆಸಿದರು. ನಾಲ್ಕನೆಯ ದಿನ ಗೇಟು ಕಿತ್ತರು. ಐದನೆಯ ದಿನ ತಪ್ಪು ಗುರುತಿಗಾಗಿ ಸುತ್ತಣ್ಣನನ್ನು ದಾರಿಯ ಕೆಲಸದಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು. ಈಗ ಅಲ್ಲಿ ಬೇರೆಯವರ ಬ್ರಷ್ಷು ತೊಳೆಯುತ್ತಾನೆ. ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಮಾತು: "ಉಳಿದ ಹತ್ತು ಗುರುತು ಯಾವಾಗ ತಿದ್ದುತ್ತಾರಂತೆ?"

ಹೋರಾಟದಲ್ಲಿ ಗಂಟಲಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ, ನನ್ನದೂ ಸಣ್ಣ ಗಂಟಲಲ್ಲ. ಎದುರಾಳಿಯ ತಪ್ಪನ್ನು ಮೈಕಿನಲ್ಲಿ ಕೂಗುವುದು ಯಾರಿಗೂ ಬರುತ್ತದೆ. ತನ್ನ ಕೈಯ ತಪ್ಪನ್ನು ಹಿಂದಕ್ಕೂ ಮುಂದಕ್ಕೂ ಮೂರು ಸಲ ತಳ್ಳಿ ನೋಡಿ, ಅದರ ಉದ್ದ ಇಷ್ಟೆಂದು ತುಂಬಿದ ಕೋಣೆಯಲ್ಲಿ ಹೇಳುವ ಮಂದಿ ಅಪರೂಪ. ಅವರು ಮುಂದಾಳುಗಳಾಗುವುದಿಲ್ಲ, ಅವರನ್ನು ಉಗ್ರಾಣಕ್ಕೆ ಹಾಕುತ್ತಾರೆ. ಆದರೆ ಅವರು ಬಿಡಿಸಿಕೊಟ್ಟ ದಾರಿಗಳಲ್ಲಿ ಜನ ನಡೆಯುತ್ತಿರುತ್ತಾರೆ.

ಓದುತ್ತಿರುವವರೇ, ನೀವೂ ಯಾವುದೋ ರಿಜಿಸ್ಟರಿನಲ್ಲಿ, ನಕ್ಷೆಯಲ್ಲಿ, ಅಂಕಪಟ್ಟಿಯಲ್ಲಿ ಒಂದು ಅಂಕಿ ಬರೆದಿದ್ದೀರಿ, ಒಂದು ಸಹಿ ಹಾಕಿದ್ದೀರಿ. ಅದು ಯಾರ ದಾರಿಗೆ ಅಡ್ಡ ನಿಂತಿದೆಯೋ ನೀವು ನೋಡಿಲ್ಲ. ಪುಸ್ತಕ ಮುಚ್ಚಿ. ಎದ್ದು ಹೋಗಿ ಅಳೆಯಿರಿ.