ಕೊಳೆ ತೆಗೆಯುವ ಗುಂಡಿ

ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆ ಪುಸ್ತಕ ಹೊಲಿಯುತ್ತಿದ್ದ ಸೂಜಿಯಕ್ಕನ ಸಿಟ್ಟು ಎಂಥದ್ದೆಂದರೆ, ಅವಳ ಮೇಜಿನ ಮೇಲಿನ ಅಂಟಿನ ಪಾತ್ರೆ ಒಲೆಯಿಲ್ಲದೆ ಕುದಿಯುತ್ತಿತ್ತು. ಒಮ್ಮೆ ಪೈಪು ಒಡೆದು ಅರವತ್ತು ಪುಸ್ತಕ ತೊಯ್ದುಹೋದಾಗ, ಸಿಬ್ಬಂದಿ ಅವನ್ನು ಅವಳ ಸುತ್ತ ಬಿಡಿಸಿ ನಿಲ್ಲಿಸಿ, "ಗುರುತಿಗೆ ಅಂತ ಪುಟದ ಮೂಲೆ ಮಡಚಿದ್ರೆ ಏನಾಗುತ್ತೆ ಅಕ್ಕಾ?" ಎಂದು ಕೇಳಿ ಓಡಿಹೋಗಿದ್ದರು. ಸಂಜೆಯೊಳಗೆ ಅರವತ್ತೂ ಗರಿಗರಿಯಾಗಿ ಒಣಗಿದ್ದವು. ಎರಡರ ಅಂಚು ಮಾತ್ರ ಸ್ವಲ್ಪ ಕಂದಿತ್ತು.

ಮೂರನೇ ಮಹಡಿಯಲ್ಲಿ ಅವಳ ಸ್ವಂತ ತಮ್ಮ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥ. ಅಕ್ಕ ಹೊಲಿದು ಕಳಿಸಿದ ಪುಸ್ತಕದ ಪುಟಪುಟವನ್ನೂ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುವುದು ಅವನ ಕೆಲಸ. ಎರಡು ವರ್ಷದಲ್ಲಿ ನಾನೂರ ಹನ್ನೆರಡು ಅಪರೂಪದ ಪುಸ್ತಕಗಳು ಮುಗಿದವು. ಮುಗಿದ ದಿನ ಅಕ್ಕನನ್ನು ಮೇಲೆ ಕರೆಸಿ ಕುರ್ಚಿ ಎಳೆದು ಕೂರಿಸಿದ.

"ನೋಡು ಅಕ್ಕಾ, ಹೇಗೆ ತೊಳೆದಿಟ್ಟ ಹಾಗಿದೆ! ಈ ಗುಂಡಿ ಒತ್ತಿದ್ರೆ ಕಲೆ, ಮಸಿ, ಗೀಚು ಎಲ್ಲಾ ಮಾಯ. ಯಂತ್ರಕ್ಕೆ ಅಚ್ಚಿನ ಅಕ್ಷರ ಮಾತ್ರ ಗೊತ್ತು. ಉಳಿದಿದ್ದೆಲ್ಲಾ ಅದಕ್ಕೆ ಕೊಳೆ."

"ಮಕ್ಕಳ ಮದ್ದಿನ ಪುಸ್ತಕ ತೆಗಿ. ಇನ್ನೂರಾರನೇ ಪುಟ."

ತೆಗೆದ. ಮಗುವಿಗೆ ನಿದ್ದೆ ಬರದಿದ್ದರೆ ಈ ಕಷಾಯ ಹತ್ತು ಹನಿ ಎಂದು ಅಚ್ಚಾಗಿತ್ತು. ಪಕ್ಕದ ಅಂಚು ಬೆಳ್ಳಗೆ, ಹೊಸ ಗೋಡೆಯ ಹಾಗೆ.

ಸೂಜಿಯಕ್ಕನಿಗೆ ಆ ಅಂಚು ಬೆರಳ ತುದಿಯಲ್ಲಿತ್ತು. ಹರಿದಿದ್ದ ಅದನ್ನು ಮೂರು ದಿನ ಉಸಿರು ಬಿಗಿಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಕಾಗದದಿಂದ ಕೂಡಿಸಿದವಳು ಅವಳೇ. ಅಲ್ಲಿ ಕಂದು ಶಾಯಿಯಲ್ಲಿ ಒಬ್ಬ ತಾಯಿ ಬರೆದಿದ್ದಳು: ಹತ್ತಲ್ಲ, ಒಂದು. ಹತ್ತು ಹಾಕಿ ನನ್ನ ಮಗು ಹೋಯಿತು. ಅದರ ಕೆಳಗೆ ಬೇರೆ ಕೈ, ಬೇರೆ ಶಾಯಿ: ನಿಜ. ನಮ್ಮ ಮನೆಯಲ್ಲೂ.

"ಬರೆದಿದ್ದು ಎಲ್ಲೋ?"

"ಹೇಳಿದ್ನಲ್ಲ, ಗೀಚು..."

"ಕೊಳೆ ತೆಗೆಯೋ ಮುಂಚಿನ ಫೋಟೊ?"

"ಜಾಗ ಸಾಲಲ್ಲ ಅಂತ ಅಳಿಸಿಬಿಟ್ವಿ." ತಮ್ಮನ ದನಿ ಇಳಿಯಿತು. "ಹೋಗ್ಲಿ ಬಿಡಕ್ಕಾ, ಪುಸ್ತಕ ಹೇಗೂ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೇಗೂ?"

"ನಾಳೆ ಬೆಳಿಗ್ಗೆ ಲಾರಿ ಬರುತ್ತೆ. ಕಂಪ್ಯೂಟರಲ್ಲಿ ಇದೆಯಲ್ಲ, ಪುಸ್ತಕ ಯಾಕೆ ಅಂತ... ನಾನೂರ ಹನ್ನೆರಡೂ ರದ್ದಿ ಅರೆಯೋ ಕಾರ್ಖಾನೆಗೆ."

ಆ ಕ್ಷಣ ಕೋಣೆಯ ಕಿಟಕಿ ಗಾಜುಗಳಿಗೆಲ್ಲ ಆವಿ ಹಿಡಿಯಿತು ಎನ್ನುತ್ತಾರೆ. ತಮ್ಮನ ಕನ್ನಡಕಕ್ಕಂತೂ ಹಿಡಿದಿದ್ದು ನಿಜ. ಅದನ್ನು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ಲೈಬ್ರರಿ ಡೈರೆಕ್ಟರ ಬಾಗಿಲು ತಳ್ಳಿಯಾಗಿತ್ತು. ಅವನೂ ಹಿಂದೆ ಓಡಿದ.

ಡೈರೆಕ್ಟರು ಸ್ವಚ್ಛತೆಯ ಮನುಷ್ಯ. ಅವರ ಮೇಜಿನ ಮೇಲೆ ಮೇಜು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ಅಮ್ಮಾ, ಲೈಬ್ರರಿ ಪುಸ್ತಕದ ಮೇಲೆ ಕೈಯಲ್ಲಿ ಬರೆಯೋದು ಅಪರಾಧ," ಎಂದರು ಎಲ್ಲ ಕೇಳಿದ ಮೇಲೆ.

"ಹಾಗಾದ್ರೆ ಬರೆದವಳನ್ನ ಕರೆಸಿ ಬೈಯಿರಿ. ಸತ್ತು ನೂರಿಪ್ಪತ್ತು ವರ್ಷ ಆಯ್ತು. ನೀವು ಕರೆದ್ರೆ ಬಂದ್ರೂ ಬರ್ತಾಳೆ."

"ನೀವು ಭಾವುಕರಾಗ್ತಿದ್ದೀರಿ."

"ಭಾವುಕ ಅಲ್ಲ ಸಾರ್, ಸಿಟ್ಟು. ಇವತ್ತು ಯಾವಳೋ ತಾಯಿ ನಿಮ್ಮ ಆ ತೊಳೆದ ಪುಟ ನೋಡಿ ಹತ್ತು ಹನಿ ಹಾಕಿದ್ರೆ?"

ಡೈರೆಕ್ಟರು ಖಾಲಿ ಮೇಜನ್ನು ಕರ್ಚೀಫಿನಿಂದ ಒರೆಸಿದರು. ಆಮೇಲೆ ಡ್ರಾಯರಿನಿಂದ ದಪ್ಪನೆಯ ಕಟ್ಟೊಂದನ್ನು ತೆಗೆದು ಅವಳ ಮುಂದಿಟ್ಟರು. ಆ ಲೈಬ್ರರಿಯಲ್ಲಿ ಒಂದು ಪದ್ಧತಿ ಇತ್ತು: ಹೊಲಿಯುವವರು ಒಂದೊಂದು ಪುಸ್ತಕದ ಹೆಸರಿನ ಎದುರಿಗೂ 'ರಿಪೇರಿಗೆ ಬಾರದು' ಎಂದು ಸಹಿ ಹಾಕದ ಹೊರತು ಯಾವ ಹಳೆ ಪುಸ್ತಕವೂ ಕಟ್ಟಡ ದಾಟುವಂತಿಲ್ಲ. ಕಟ್ಟಿನಲ್ಲಿ ನಾನೂರ ಹನ್ನೆರಡು ಹೆಸರು. ಮೇಲೆ ಕುಲಪತಿಗಳ ಸಹಿಯಿದ್ದ ಮಂಜೂರಾತಿ ಪತ್ರ.

"ಹಾಕಿ. ನೀವು ಹಾಕದಿದ್ರೆ ನಾಳೆ ನಿಮ್ಮ ಕುರ್ಚಿಲಿ ಬೇರೆಯವರು ಕೂತು ಹಾಕ್ತಾರೆ."

ಸೂಜಿಯಕ್ಕನ ಬಾಯಿಗೆ ಬಂದ ಮಾತು ಅಚ್ಚು ಮಾಡುವಂಥದ್ದಲ್ಲ. ಅದನ್ನು ನುಂಗುವಾಗ ಅವಳ ಕಣ್ಣು ಕೋಣೆಯ ಮೂಲೆಯಲ್ಲಿದ್ದ ಕಾಗದದ ತಟ್ಟೆಯ ಮೇಲೆ ಬಿತ್ತು. ಕಾಗದವಿಲ್ಲದ ಕಚೇರಿ ಎಂದು ಅದರ ಮೇಲೆ ಚೀಟಿ. ಆ ವಾರದ ಸೋಮವಾರದಿಂದ ಡೈರೆಕ್ಟರ ಹೊಸ ನಿಯಮ: ಕಚೇರಿಯ ಕಾಗದವೆಲ್ಲ ಮೂರನೇ ಮಹಡಿಯ ಅದೇ ಯಂತ್ರದಲ್ಲಿ ಸ್ಕ್ಯಾನ್ ಆಗಬೇಕು, ಸಂಜೆ ಐದರೊಳಗೆ ಮೂಲ ಕಾಗದ ಚೂರಾಗಬೇಕು. ಸ್ಕ್ಯಾನಾದದ್ದನ್ನು ತೆರೆದು ನೋಡುವ ದುರಭ್ಯಾಸ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

"ಪೆನ್ನು ಕೊಡಿ," ಎಂದಳು.

"ಅಕ್ಕಾ!" ಎಂದ ತಮ್ಮ. ಅವಳು ತಿರುಗಿಯೂ ನೋಡಲಿಲ್ಲ. ನಾನೂರ ಹನ್ನೆರಡು ಸಹಿ. ನಿಬ್ಬು ಕೊರೆದ ರಭಸಕ್ಕೆ ಮೇಜಿನ ಪಾಲಿಶ್ ಮೇಲೂ ಅವಳ ಹೆಸರು ಮೂಡಿತು, ಈಗಲೂ ಇದೆ. ಮುಗಿಸಿ ಕಟ್ಟನ್ನು ಮಂಜೂರಾತಿ ಪತ್ರದ ಸಮೇತ ಆ ತಟ್ಟೆಗೆ ಹಾಕಿದಳು.

"ಕೊಳೆ ತೆಗೆಯೋ ಗುಂಡಿ ಒತ್ತೋದು ಮರೀಬೇಡಿ ಸಾರ್."

"ಅದು ತಾನಾಗೇ ಒತ್ತಿಕೊಳ್ಳುತ್ತೆ," ಎಂದರು ಡೈರೆಕ್ಟರು ಹೆಮ್ಮೆಯಿಂದ.

ಮೂರನೇ ಮಹಡಿಯಲ್ಲಿ ಹಾಳೆಗಳು ಒಂದೊಂದಾಗಿ ಯಂತ್ರದೊಳಗೆ ಹೋದವು. ಪರದೆ ನೋಡುತ್ತಿದ್ದ ತಮ್ಮ ನಡುವೆ ಕೈ ನಿಲ್ಲಿಸಿ, ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಚು," ಎಂದಳು ಹಿಂದೆ ನಿಂತಿದ್ದ ಅಕ್ಕ. "ಎರಡು ವರ್ಷ ಹೇಗೆ ಕೆಲಸ ಮಾಡಿದ್ಯೋ ಹಾಗೇ ಮಾಡು. ಹೆಚ್ಚೂ ಬೇಡ, ಕಡಿಮೆನೂ ಬೇಡ."

ಐದು ಗಂಟೆಗೆ ಡೈರೆಕ್ಟರೇ ಬಂದು ಮೂಲ ಕಾಗದಗಳನ್ನು ಕೈಯಾರೆ ಚೂರುಯಂತ್ರಕ್ಕೆ ತಿನ್ನಿಸಿದರು.

ಬೆಳಿಗ್ಗೆ ಲಾರಿ ಬಂತು. ಲಾರಿಯವನು ಇಪ್ಪತ್ತು ವರ್ಷದಿಂದ ರದ್ದಿ ಒಯ್ಯುತ್ತಿದ್ದ ಮನುಷ್ಯ. ಸಹಿ ನೋಡದೆ ಹಳೆ ಪೆನ್ಸಿಲನ್ನೂ ಎತ್ತುವವನಲ್ಲ. ಡೈರೆಕ್ಟರು ಕೊಟ್ಟ ಪ್ರಿಂಟನ್ನು ತಿರುವಿ, ಬೆಳಕಿಗೆ ಹಿಡಿದ.

"ಸಹಿ ಎಲ್ಲಿ ಸ್ವಾಮಿ?"

"ಇದೆಯಲ್ಲ, ನಾನೂರ ಹನ್ನೆರಡು."

"ಒಂದೂ ಇಲ್ಲ. ಚೊಕ್ಕಟವಾಗಿದೆ."

"ಕುಲಪತಿಗಳದ್ದು?"

"ಅದು ಇನ್ನೂ ಚೊಕ್ಕಟ."

ಡೈರೆಕ್ಟರ ಮುಖ ಅವನು ಹಿಡಿದ ಹಾಳೆಯಷ್ಟೇ ಬೆಳ್ಳಗಾಯಿತು. "ಸಹಿಗಳನ್ನ ವಾಪಸ್ ತರಿಸಿ!" ಎಂದು ತಮ್ಮನ ಮೇಲೆ ಹರಿಹಾಯ್ದರು.

"ಮೂಲ ಕಾಗದ ಕೊಡಿ ಸಾರ್," ಎಂದ ತಮ್ಮ. "ಅದಿದ್ರೆ ತಾನೇ ಮತ್ತೆ ತೆಗೆಯೋಕಾಗೋದು?"

ಹೇಳಿಯಾದ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿತ್ತು. ತಲೆ ತಗ್ಗಿಸಿದ.

"ಅಮ್ಮಾ, ಇನ್ನೊಂದ್ಸಲ ಸಹಿ ಹಾಕಿಬಿಡಿ," ಎಂದರು ಡೈರೆಕ್ಟರು, ಬಾಗಿಲಲ್ಲಿ ನಿಂತಿದ್ದ ಸೂಜಿಯಕ್ಕನತ್ತ ತಿರುಗಿ.

"ನಿನ್ನೆ ಹಾಕಿದ್ದೆ, ಕೊಳೆ ಅಂತ ತೆಗೆದ್ರಿ. ಹೋಗಿ, ಕುಲಪತಿಗಳಿಗೂ ಹೇಳಿ ಬನ್ನಿ, ನಿಮ್ಮ ಸಹಿ ಕೊಳೆ ಆಗಿತ್ತು ಸ್ವಾಮಿ, ತೊಳೆದು ಚೂರು ಮಾಡಿದ್ದೀನಿ ಅಂತ. ಅವರು ಹಾಕಿದ್ರೆ ಆಮೇಲೆ ನನ್ನ ಸಹಿಯ ಮಾತು."

ಡೈರೆಕ್ಟರು ಕುಲಪತಿಗಳ ಕಟ್ಟಡದ ಕಡೆಗೆ ನಾಲ್ಕು ಹೆಜ್ಜೆ ಹಾಕಿದರು. ಐದನೆಯದು ಏಳಲಿಲ್ಲ. ಲಾರಿ ಖಾಲಿ ಹೋಯಿತು.

"ಗೆದ್ದೆ ಅಕ್ಕಾ," ಎಂದ ತಮ್ಮ ಮೆಟ್ಟಿಲು ಹತ್ತುತ್ತಾ. "ಇನ್ನಾದ್ರೂ ತಣ್ಣಗಾಗು."

ಮೇಲೆ ಬಂದವಳೇ ಅವಳು ಮದ್ದಿನ ಪುಸ್ತಕವನ್ನು ಅವನ ಯಂತ್ರದ ಮೇಲೆ ಬಿಡಿಸಿಟ್ಟಳು. "ಈ ಪುಟದ ಫೋಟೊ ತೆಗ್ದೋನು ನೀನೇ. ಓದಿದ್ಯಾ?"

"ಇಲ್ಲ."

"ಓದು. ಗಟ್ಟಿಯಾಗಿ."

"ಹತ್ತಲ್ಲ, ಒಂದು," ಎಂದು ತಮ್ಮ ಶುರುಮಾಡಿದ. "ಹತ್ತು ಹಾಕಿ ನನ್ನ..." ಉಳಿದದ್ದನ್ನು ತುಟಿಯಲ್ಲೇ ಓದಿದ.

"ಈಗ ತೆಗಿ. ಕೊಳೆ ಸಮೇತ. ಇದಾದ ಮೇಲೆ ಇನ್ನೂ ನಾನೂರ ಹನ್ನೊಂದಿವೆ."

ಅವನು ಕೊಳೆ ತೆಗೆಯುವ ಗುಂಡಿ ಆರಿಸಿ, ದೀಪ ಹಾಕಿದ. ಅವಳು ಅಂಚು ನಲುಗದ ಹಾಗೆ ಎರಡು ಬೆರಳಲ್ಲಿ ಪುಟ ಹಿಡಿದುಕೊಂಡಳು. ಅದೇ ಹೊತ್ತಿಗೆ ನೆಲಮಾಳಿಗೆಯಿಂದ ಯಾರೋ ಕೂಗಿದರು, ಅಂಟು ಉಕ್ಕಿ ಬಾಗಿಲಾಚೆ ಹರೀತಿದೆ, ಅಕ್ಕ ಎಲ್ಲಿ ಎಂದು.

"ಹರೀಲಿ," ಎಂದಳು ಸೂಜಿಯಕ್ಕ. "ಮುಂದಿನ ಪುಟ."